ಸೊಂಟದ ತನಕ

ಅವ್ವನ ಫೋಟೋ ಒಂದೂ ಇಲ್ಲ.
ರೇಶನ್ ಕಾರ್ಡಿನ್ಯಾಗ ಇತ್ತು, ಹೆಬ್ಬೆರಳಷ್ಟು,
ಅದೂ ಪಿನ್ನಿನ ಜಂಗು ಹತ್ತಿ
ಮಾರಿ ಹಾರಿಹೋಗಿ
ಎಡಗಿವಿ ಒಂದು ಉಳದಿತ್ತು.

ಮೊಮ್ಮಗಳು ಸ್ಪಂದನಾ ಫೋನ್ ಹಿಡಕೊಂಡು ಕುಂತಳು:
'ಅಜ್ಜಾ, ನೀ ಹೇಳ್ಕೋತ ಹೋಗು, ಇದು ಬರಿತೈತಿ.'
ನಲವತ್ತು ವರ್ಷ ಗದಗ-ಬೆಟಗೇರಿ ಅಂಗಡಿ ಹಣಿ ಮ್ಯಾಲೆ
ಹೆಸರು ಬರದಾಂವ ನಾನು, ದುಂಡು ಆರ್ಟ್ಸ್,
ಫ್ಲೆಕ್ಸ್ ಬಂದ ವರ್ಷ ಏಣಿ ಮಾರಿದಾಂವ.
ಈಗ ಬರೇ ಬಾಯಿಮಾತಿಗೆ ಚಿತ್ರ ಮೂಡತೈತಿ ಅಂದ್ರ
ನಗಬೇಕೋ, ಇನ್ನೊಂದು ಏಣಿ ಮಾರಬೇಕೋ.

ಹೇಳಿದೆ.
ಬೆಟಗೇರಿ. ಮಗ್ಗದ ಮನಿ. ನೇಕಾರ ಹೆಣಮಗಳು.
ಹಣಿಗೆ ಇಬತ್ತಿ, ನಡುವ ಕುಂಕುಮ.

ಉಸುರು ಬಿಡೂದ್ರಾಗ ಬಂದಳು
ಯಾವುದೋ ಅರಮನಿ ಸೊಸಿ!
ಮೈತುಂಬ ಬಂಗಾರ, ಕಿಡಕ್ಯಾಗ ನವಿಲು,
ಖುರ್ಚಿ ಮ್ಯಾಲೆ ಕುಂತು ನೇಯತಾಳ,
ಬಲಗೈಗೆ ಆರು ಬೆರಳು.
'ಇನ್ನೊಂದು ಬೆರಳು ಇದ್ದಿದ್ರ
ಇನ್ನಷ್ಟು ಕಂಡಿಕಿ ಸುತ್ತತಿದ್ಲು' ಅಂದೆ.
ಸ್ಪಂದನಾ ನಗಲಿಲ್ಲ. 'ಕಂಡಿಕಿ ಅಂದ್ರ?'

ಕಂಡಿಕಿ ಅಂದ್ರ ಲಾಳಿ ಹೊಟ್ಟ್ಯಾಗಿನ ನೂಲು.
ಲಾಳಿ ಅಂದ್ರ?
ಲಾಳಿ ಅಂದ್ರ...
ಕೈ ತಾನ ಎಡಕ್ಕ ಬಲಕ್ಕ ಓಡಾಡ್ತು, ಬಾಯಿ ಸುಮ್ನಾತು.
ಇಷ್ಟು ವರ್ಷ ನನಗ ಯಾರೂ ಕೇಳಿರಲಿಲ್ಲ
ಅವ್ವನ ಮೂಗುತಿ ಎಡಕ್ಕೋ ಬಲಕ್ಕೋ ಅಂತ.
ಯಂತ್ರಕ್ಕ ಗೊತ್ತಿಲ್ಲ, ಕೇಳತೈತಿ.
ನನಗ ಗೊತ್ತೈತಿ ಅಂತ ತಿಳಕೊಂಡಿದ್ದೆ.

ಹದಿನಾರನೇ ಸರ್ತಿಗೆ ಬಂಗಾರ ಇಳೀತು, ನವಿಲು ಹೋತು.
ಗೋಮಿ ದಡಿ ಅಂದ್ರ ಹೂಬಳ್ಳಿ ಬರಿತಿತ್ತು, ಅದನ್ನ ಕೈಬಿಟ್ಟೆ.
ಖುರ್ಚಿ ಮಾತ್ರ ಹೋಗವಲ್ದು.
ಖುರ್ಚಿ ತಗಿ ಅಂದ್ರ ಸ್ಟೂಲು, ಸ್ಟೂಲು ತಗಿ ಅಂದ್ರ ಮಣಿ,
ಮಣಿ ತಗಿ ಅಂದ್ರ
ಗಾಳ್ಯಾಗ ತೇಲತಾಳ ಅವ್ವ.
ಬ್ಯಾಡವಾ, ಖುರ್ಚಿನ ಇರಲಿ ಅಂದೆ.

ಹೆಂಗ ಹೇಳಲಿ ಅದಕ್ಕ,
ಕುಣಿಮಗ್ಗ ಅಂದ್ರ ನೆಲದಾಗ ತೋಡಿದ ಕುಣಿ,
ಅದರಾಗ ಕಾಲು ಇಳಿಬಿಟ್ಟು ಕುಂದರೂದು,
ಹೊತ್ತು ಮೂಡೂಕಿಂತ ಮೊದಲ ಇಳದಾಕಿ
ದೀಪ ಹಚ್ಚಿದ್ರೂ ಏಳತಿದ್ದಿಲ್ಲ.
ನಾ ಕಂಡ ಅವ್ವ ಸೊಂಟದ ತನಕ ಅಷ್ಟ,
ನೆಲದಾಗಿಂದ ಮೊಳತು ಬಂದಂಗ.
ಆಕಿ ಅಂಗಾಲು ನೋಡಿದ್ದು ಒಂದ ದಿನ,
ನಾಕು ಮಂದಿ ಎತ್ತೂ ಮುಂದ, ಅರಿಷಿಣ ಹಚ್ಚಿದ್ರು.
ಬೆರಳಿನ ಬುಡಕ್ಕ ಜಡ್ಡು,
ಹಲಗಿ ತುಳದು ತುಳದು, ರೂಪಾಯಿ ಅಗಲ.

ಹುಲಕೋಟಿಯಿಂದ ತಂಗಿ ಶಾಕಂಬರಿ ಬಂದಳು.
ಫೋನ್ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.
'ಅವ್ವ ನಗಾಕತ್ಯಾಳಲ್ಲೋ ಅಣ್ಣಾ.'
ಅವ್ವ ಹಂಗ ನಗತಿದ್ದಿಲ್ಲ. ಅಷ್ಟು ಹಲ್ಲೂ ಇರಲಿಲ್ಲ ಆಕಿಗೆ,
ಮುಂದಿನದೊಂದು ನೂಲು ಕಡದು ಕಡದು ಸವದಿತ್ತು.
ಹೇಳಾಕ ಬಾಯಿ ಬರಲಿಲ್ಲ.
ನೋಡಿ ನೋಡಿ ನನಗೂ ಈಗ
ಕಣ್ಣು ಮುಚ್ಚಿದ್ರ ಇವ ಹಲ್ಲು ಕಾಣತಾವು,
ಅದ ಹೆದರಿಕಿ.

ಸ್ಟೇಶನ್ ರೋಡಿನ್ಯಾಗ ದೊಡ್ಡ ಪ್ರಿಂಟ್ ತಗಿಸಿದೆ.
ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ
ಅಟ್ಟದ ಡಬ್ಬಿ ಇಳಿಸಿದೆ. ಎರಡನೇ ನಂಬರ್ ಬ್ರಷ್
ಒಣಗಿ ಕಡ್ಡಿ ಆಗಿತ್ತು, ಟರ್ಪೆಂಟೈನಿನ್ಯಾಗ ನೆನಿ ಇಟ್ಟೆ.
ಮೊದಲು ಹಲ್ಲು ಸವಸಿದೆ. ತುಟಿ ಅರ್ಧ ಮುಚ್ಚಿದೆ.
ಆಮ್ಯಾಲೆ, ಅಂಗಡಿ ಬೋರ್ಡಿನ ಅಂಚಿಗೆ ಎಳೀತಿದ್ದ ಕರಿ ಬಣ್ಣ
ಡಬ್ಬಿಗೆ ಡಬ್ಬಿ ಕುಣಿಗೆ ಹೋತು.
ಖುರ್ಚಿ ಮುಳುಗಿತು,
ಯಂತ್ರ ಬರದ ನುಣ್ಣನ ಪಾದ ಮುಳುಗಿದವು,
ಸೊಂಟದ ತನಕ ನೆಲ ಬಂತು, ಸೆಗಣಿ ಸಾರಿಸಿದ ನೆಲ.

ನಸುಕಿನ್ಯಾಗ ಶಾಕಂಬರಿ ಎದ್ದು ನೋಡಿದಳು.
ಪ್ರಿಂಟಿನ ಮುಂದ ಕುಕ್ಕರಗಾಲಿಲೆ ಕುಂತಳು,
ಆರು ವರ್ಷದಾಕಿ ಕುಣಿ ದಂಡಿಗೆ ಕುಂದರತಿದ್ಲಲ್ಲ, ಹಂಗ.
'ಏಳಬೇ, ರೊಟ್ಟಿ ಆರತಾವು' ಅಂದಳು.

ಸೀರಿ ಬಣ್ಣದ ಜಗಳ ಇನ್ನೂ ಹರದಿಲ್ಲ.
ನಾ ದಾಳಿಂಬ್ರಿ ಅಂತೀನಿ, ಆಕಿ ಗಿಣಿಹಸರು.
ಸ್ಪಂದನಾ ಎರಡೂ ಬರಕೊಂಡಾಳ.
ಸದ್ಯಕ್ಕ ಆ ಜಾಗಾ ಹಂಗ ಬಿಟ್ಟೀನಿ,
ಬಿಳಿ ಪ್ರೈಮರ್ ಹೊಡದು.